ಪಾಪ್‌ಕಾನ್ ಯಾಕೆ ಆನ್ ಮಾಡ್ತಿದೀವಿ: ಬೈಯೋಕ್ ಮುಂಚೆ ಒಂದ್ಸಲ ಓದಿ

ಎಲ್ಲಾ ಗ್ರಾಹಕರಿಗೂ ನಮಸ್ಕಾರ,

ಮುಂದಿನ ತಿಂಗಳಿಂದ ಡೆಬಿಯನ್ (ವಿಂಡೋಸ್ ಬದಲು ಹಾಕೋ ಲಿನಕ್ಸ್) ಹಾಕ್ಕೊಟ್ಟಿರೋ ಕಂಪ್ಯೂಟರ್‌ಗಳಲ್ಲಿ, ನೀವು ಹೂಂ ಅಂದ್ರೆ ಮಾತ್ರ, ಪಾಪ್‌ಕಾನ್ (ಯಾವ ಸಾಫ್ಟ್‌ವೇರ್ ಬಳಕೆಯಲ್ಲಿದೆ ಅಂತ ಲೆಕ್ಕ ಕಳಿಸೋ ಸಣ್ಣ ಪ್ರೋಗ್ರಾಂ) ಆನ್ ಮಾಡ್ತೀವಿ. ಮೂರು ತಿಂಗಳಿಗೊಂದ್ಸಲ ಫೋನ್ ಮಾಡಿ ನಾಲ್ಕು ಮಾತು ಕೇಳ್ತೀವಿ. ವರ್ಷದ ಮೇಂಟೆನೆನ್ಸ್ 300 ರೂಪಾಯಿ ಜಾಸ್ತಿ ಆಗುತ್ತೆ. ಇದನ್ನ ವಾಟ್ಸಾಪ್ ಗ್ರೂಪಲ್ಲಿ ಎರಡು ಸಾಲಲ್ಲಿ ಹಾಕಿದ್ದಕ್ಕೆ ಎದ್ದ ಗಲಾಟೆ ನಿಮಗೇ ಗೊತ್ತು. ಕಿರಿಕಿರಿ ಆಗಿದ್ರೆ ಕ್ಷಮೆ ಇರಲಿ, ಆದ್ರೆ ಮಾಡ್ತಿರೋ ಕೆಲ್ಸ ಸರಿಯಾಗೇ ಇದೆ.

ಎಲ್ರೂ ಕೇಳಿದ್ದು ಒಂದೇ: "ಏನ್ರೀ, ನಮ್ಮ ಕಂಪ್ಯೂಟರ್ ಒಳಗೆ ಇಣುಕ್ತೀರಾ?" ಈ ಅನುಮಾನ ತಪ್ಪಲ್ಲ. 2021ರಲ್ಲಿ ಆಡಿಯೋ ಎಡಿಟ್ ಮಾಡೋ ಆಡಾಸಿಟಿಗೆ, ಬಳಸೋರ ಲೆಕ್ಕ ಇಡೋ ಗೂಗಲ್ ಅನಲಿಟಿಕ್ಸ್ ಸೇರಿಸೋಕೆ ಹೊರಟಾಗ ಜನ ರೊಚ್ಚಿಗೆದ್ದು ಅದನ್ನ ಕೈಬಿಡಿಸಿದ್ರು, ಬೈದವರಲ್ಲಿ ನಾವೂ ಇದ್ವಿ. ಪಾಪ್‌ಕಾನ್ ಆ ಥರದ್ದಲ್ಲ. ಇದು ಡೆಬಿಯನ್‌ನವರದ್ದೇ, ಇನ್‌ಸ್ಟಾಲ್ ಮಾಡೋವಾಗ ಕೇಳುತ್ತೆ, ನೀವಾಗೇ ಬದಲಾಯಿಸದಿದ್ರೆ ಉತ್ತರ "ಬೇಡ" ಅಂತಲೇ ಇರುತ್ತೆ. ವಾರಕ್ಕೊಮ್ಮೆ ಕಳಿಸೋದು ಯಾವ್ಯಾವ ಪ್ಯಾಕೇಜ್ (ಹಾಕಿರೋ ಸಾಫ್ಟ್‌ವೇರ್) ಇದೆ, ಅದರ ಪ್ರೋಗ್ರಾಂ ಫೈಲು ಕೊನೇ ಸಲ ಯಾವಾಗ ಓಪನ್ ಆಯ್ತು ಅನ್ನೋದನ್ನ, ಜೊತೆಗೆ ಸುಮ್ನೆ ಹುಟ್ಟಿಸಿದ ಒಂದು ಐಡಿ. ನಿಮ್ಮ ಲೆಕ್ಕದ ಶೀಟು, ಫೋಟೋ, ಬ್ರೌಸರಲ್ಲಿ ನೋಡಿದ್ದು ಯಾವುದೂ ಹೋಗಲ್ಲ. ರಿಪೋರ್ಟ್ ಬರೋದು ನಮ್ಮ ಸರ್ವರ್‌ಗೆ, ಐಪಿ ಅಡ್ರೆಸ್ ಹೆಂಗೂ ಕಾಣುತ್ತೆ, ಅದರ ಲಾಗ್ ಇಡಲ್ಲ. ನಂಬಿಕೆ ಬರ್ದಿದ್ರೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) "sudo popularity-contest" ಅಂತ ಕಮಾಂಡ್ ಕೊಡಿ, ಏನು ಹೋಗುತ್ತೋ ಅಷ್ಟೂ ಸ್ಕ್ರೀನ್ ಮೇಲೇ ಬರುತ್ತೆ.

ಇಷ್ಟೆಲ್ಲಾ ಯಾಕೆ ಅಂದ್ರೆ ನಮ್ಮ ಹತ್ರ ಇರೋ ಲೆಕ್ಕ ಬರೀ ಇನ್‌ಸ್ಟಾಲ್ ಲೆಕ್ಕ. ಫೋಟೋ ಎಡಿಟ್ ಮಾಡೋ ಜಿಂಪ್ ಎಲ್ಲಾ ಮಷೀನಲ್ಲೂ ಇದೆ, ಯಾಕಂದ್ರೆ ನಾವೇ ಹಾಕಿದ್ದು! ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿದ್ರೆ ಜಿಂಪ್ ಮುಟ್ಟಿರಲ್ಲ, ಬೆಳಗಿಂದ ಸಂಜೆವರೆಗೆ ಓಡ್ತಿರೋದು ಸಿಂಪಲ್ ಸ್ಕ್ಯಾನ್. ಪಾಪ್‌ಕಾನ್ ಈ ಎರಡನ್ನ ಬೇರೆ ಮಾಡುತ್ತೆ, ಬಳಕೆಯಲ್ಲಿರೋದು "ವೋಟ್" ಕಾಲಮ್ಮಿಗೆ, ತಿಂಗಳಿಂದ ಧೂಳು ಹಿಡಿದಿರೋದು "ಓಲ್ಡ್" ಕಾಲಮ್ಮಿಗೆ. ಹಳೇ ಹಾರ್ಡ್‌ಡಿಸ್ಕ್ ಇರೋ ಕಡೆ ಸ್ಪೀಡ್‌ಗೆ ಅಂತ ನೋ-ಎಟೈಮ್ ಅನ್ನೋ ಸೆಟ್ಟಿಂಗ್ ಹಾಕಿದ್ವಿ, ಅಲ್ಲಿ ಓಪನ್ ಆದ ಟೈಮೇ ದಾಖಲಾಗಲ್ಲ, ಅದನ್ನ ಟೈಮ್ ದಾಖಲಿಸೋ ರೆಲ್-ಎಟೈಮ್ ಮಾಡೋಕೆ ನಮ್ಮ ಹುಡುಗ್ರು ಅಂಗಡಿಗೇ ಬರ್ತಾರೆ.

ಕೆಲವ್ರು ಮೊಬೈಲಲ್ಲಿ ಡಿಸ್ಟ್ರೋವಾಚ್ (ಬೇರೆ ಬೇರೆ ಲಿನಕ್ಸ್‌ಗಳ ಪಟ್ಟಿ ಹಾಕೋ ಸೈಟು) ತೋರಿಸಿ "ಇದರಲ್ಲಿ ಫಸ್ಟ್ ಇರೋದು ಬಿಟ್ಟು ಇದ್ಯಾಕೆ ಹಾಕಿದ್ರಿ" ಅಂತಾರೆ. ಸ್ವಾಮಿ, ಅದು ಆ ಸೈಟಲ್ಲಿ ಯಾವ ಪೇಜನ್ನ ಎಷ್ಟು ಜನ ತೆಗೆದ್ರು ಅನ್ನೋ ಲೆಕ್ಕ, ಬಳಸೋರ ಲೆಕ್ಕ ಅಲ್ಲ. ಗಿಟ್‌ಹಬ್ ಸೈಟಲ್ಲಿ ಸಾಫ್ಟ್‌ವೇರ್ ಮೆಚ್ಚಿ ಕೊಡೋ ಸ್ಟಾರ್ ಅಂತೂ ದುಡ್ಡು ಕೊಟ್ರೂ ಸಿಗುತ್ತೆ.

ಫೋನ್ ಯಾಕೆ? ದಿನಾ ಬಳಸೋರೆಲ್ಲ ಮೆಚ್ಚಿ ಬಳಸ್ತಾರೆ ಅಂತೇನಿಲ್ಲ, ಬೈಕೊಂಡೂ ಬಳಸ್ತಾರೆ. ಒಬ್ರು ಪ್ರೆಸ್ಸಿನವ್ರು "ನಿಮ್ಮ ಲಿಬ್ರೆಆಫೀಸ್ ಕನ್ನಡಾನೆಲ್ಲ ಹಾಳ್ ಮಾಡುತ್ತೆ" ಅಂತ ಊರೆಲ್ಲ ಹೇಳ್ಕೊಂಡ್ ಬಂದ್ರು, ಹೋಗಿ ನೋಡಿದ್ರೆ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಫೈಲು, ಆ ಫಾಂಟೇ ಮಷೀನಲ್ಲಿಲ್ಲ, ಅಕ್ಷರದ ಬದ್ಲು ಬರೀ ಇಂಗ್ಲಿಷ್ ಚಿಹ್ನೆಗಳು. ಹತ್ತು ನಿಮಿಷದ ಕೆಲ್ಸ. ಇಂಥದ್ದು ಯಾವ ಕಾಲಮ್ಮಲ್ಲೂ ಬರಲ್ಲ, ನೀವೇ ಬಾಯ್ಬಿಟ್ಟು ಹೇಳ್ಬೇಕು.

ಇನ್ನು ದುಡ್ಡು. "ಓಪನ್ ಸೋರ್ಸ್ ಫ್ರೀ ಅಲ್ವಾ, ನಿಮಗ್ಯಾಕ್ರೀ 300?" ಸಾಫ್ಟ್‌ವೇರಿಗೆ ನಾವು ಒಂದು ಪೈಸಾನೂ ತಗೊಂಡಿಲ್ಲ, ತಗೊಳ್ಳೋದೂ ಇಲ್ಲ. ಸರ್ವರ್ ಬಾಡಿಗೆ ತಿಂಗಳ್ ತಿಂಗಳೂ ಕಟ್ಬೇಕು, ಹುಡುಗ್ರ ಪೆಟ್ರೋಲು ನೀವೇ ಹಾಕಿಸ್ತಿಲ್ವಲ್ಲ, ಬಿಲ್ಲಿನ ಮೇಲಿನ 18% ಜಿಎಸ್‌ಟಿ ಸರ್ಕಾರಕ್ಕೆ ಹೋಗೋದು, ಅದನ್ನೂ ನಮ್ಮ ಜೇಬಿಗೇ ಹಾಕ್ಕೊಂಡಂಗೆ ಮಾತಾಡಿದ್ರೆ ಬೇಜಾರಾಗುತ್ತೆ.

ಪಾಪ್‌ಕಾನ್ ಬೇಡ ಅಂದೋರಿಗೆ ಸರ್ವಿಸ್ ಒಂಚೂರೂ ಕಮ್ಮಿ ಆಗಲ್ಲ, ಹುಡುಗ್ರು ಬಂದಾಗ ಬಾಯಲ್ಲಿ ಹೇಳಿದ್ರೆ ಸಾಕು. ಈಗಾಗ್ಲೇ ವರ್ಷದ ದುಡ್ಡು ಕಟ್ಟಿರೋರಿಗೆ ಹೊಸ ರೇಟು ರಿನ್ಯೂವಲ್ಲಿಂದ.

ಇಂತಿ,
ನಿಮ್ಮ ಲಿನಕ್ಸ್ ಅಂಗಡಿಯವ್ರು