ನಗಿಸದೆ ನಿಂತವನ ಪಾಲು

ಚಿ. ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಉಭಯ ಕುಶಲೋಪರಿ. ಮನೆಯ ಸಮಾಚಾರವನ್ನು ನಿನ್ನ ಅಮ್ಮ ಹೇಳಿಯೇ ಇರುತ್ತಾಳೆ. ಜೋಡಿ ಹಾಸ್ಯದಲ್ಲಿ ಚಪ್ಪಾಳೆಯೆಲ್ಲ ಗೆಳೆಯನ ಪಾಲಾಗುತ್ತದೆ, ಎದುರಿಗೆ ಪ್ರಶ್ನೆ ಕೇಳುತ್ತ ನಿಂತ ನೀನು ಯಾರ ನೆನಪಿನಲ್ಲೂ ಉಳಿಯುವುದಿಲ್ಲ ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲು ನನ್ನ ನಿದ್ದೆ ಕೆಡಿಸಿತು.

ನಿನ್ನ ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಅಮೆರಿಕದ ಹಾಸ್ಯ ಜೋಡಿ ಬಡ್ ಅಬಾಟ್ ಮತ್ತು ಲೂ ಕಾಸ್ಟೆಲೊ ಪಳಗಿದ್ದು ಬರ್ಲೆಸ್ಕ್ ರಂಗಮಂದಿರಗಳಲ್ಲಿ, ಅಂದರೆ ನರ್ತಕಿಯರ ಕುಣಿತದ ನಡುನಡುವೆ ನಗೆ ಪ್ರಸಂಗಗಳನ್ನು ಆಡಿಸುತ್ತಿದ್ದ ಅಗ್ಗದ ಟಿಕೆಟ್ಟಿನ ಆಟಗಳಲ್ಲಿ. ಅಲ್ಲಿ ನಿನ್ನಂತೆ ಗಂಭೀರ ಮುಖದಿಂದ ಪ್ರಶ್ನೆ ಕೇಳುತ್ತ ನಿಲ್ಲುವ ‘ಸ್ಟ್ರೇಟ್ ಮ್ಯಾನ್’ಗೇ ಬೆಲೆ ಹೆಚ್ಚಾಗಿದ್ದುದರಿಂದ ಮೊದಮೊದಲು ಸಂಪಾದನೆಯಲ್ಲಿ ನೂರಕ್ಕೆ 60 ಅಬಾಟ್‌ನಿಗೆ ಸಲ್ಲುತ್ತಿತ್ತು. ಸಿನಿಮಾದಲ್ಲಿ ಹೆಸರು ಬಂದ ಮೇಲೆ ಕಾಸ್ಟೆಲೊ ಆ 60ನ್ನು ತನ್ನ ಕಡೆಗೆ ತಿರುಗಿಸಿಕೊಂಡ. ನೋಡಿದೆಯಾ, ನಿನ್ನ ಪರವಾಗಿ ವಾದಿಸಲು ಹೊರಟವನು ನಿನ್ನ ಭಯಕ್ಕೇ ಸಾಕ್ಷಿ ಒದಗಿಸಿದೆ.

ಆದರೆ 1941ರ ‘ಇನ್ ದ ನೇವಿ’ ಚಿತ್ರದಲ್ಲಿ ಅವರ ಲೆಕ್ಕದ ಪ್ರಸಂಗವೊಂದಿದೆ. 7ನ್ನು 13ರಿಂದ ಗುಣಿಸಿದರೆ 28 ಎಂದು ಕಾಸ್ಟೆಲೊ ಹಟ ಹಿಡಿಯುತ್ತಾನೆ. ಭಾಗಿಸಿ ತೋರಿಸುತ್ತಾನೆ, ಗುಣಿಸಿ ತೋರಿಸುತ್ತಾನೆ. ಕೊನೆಗೆ 13ನ್ನು ಒಂದರ ಕೆಳಗೊಂದು ಏಳು ಸಲ ಬರೆದಾಗ, ಅಬಾಟ್ ಮೂರುಗಳನ್ನೆಲ್ಲ ಕೂಡುತ್ತ 21ಕ್ಕೆ ಬರುತ್ತಾನೆ. ತಕ್ಷಣ ಕಾಸ್ಟೆಲೊ ಹತ್ತರ ಸ್ಥಾನದ ಒಂದುಗಳನ್ನು 22, 23 ಎಂದು ಎಣಿಸುತ್ತ 28ಕ್ಕೆ ಮುಟ್ಟಿಸುತ್ತಾನೆ. ಅಬಾಟ್ ಅಲ್ಲಿ ತುಟಿ ಅರಳಿಸಿದ್ದರೂ ಸಾಕಿತ್ತು, ಅದು ಮಕ್ಕಳ ಚೇಷ್ಟೆಯಾಗಿಬಿಡುತ್ತಿತ್ತು. ಲೆಕ್ಕ ಸರಿಯಾಗಿ ಬರಲೇಬೇಕೆಂಬ ಅವನ ಕಾಳಜಿಯಿಂದಲೇ ನಮಗೆ ನಗು ತಡೆಯಲಾಗುವುದಿಲ್ಲ. 1938ರಲ್ಲಿ ರೇಡಿಯೋಗೆ ಹೋದಾಗ ಇಬ್ಬರ ದನಿಯೂ ಒಂದೇ ಎಂಬಂತೆ ಕೇಳಿಸಿತೆಂದು ದನಿ ಏರಿಸಿ ಕೀರಲು ಮಾಡಿಕೊಂಡವನು ಕಾಸ್ಟೆಲೊ. ಅಬಾಟ್ ಇದ್ದ ಹಾಗೆಯೇ ಇದ್ದ.

ನಾನೂ ಹರೆಯದಲ್ಲಿ ಊರಿನ ಗಣೇಶೋತ್ಸವದ ವೇದಿಕೆಯ ಮೇಲೆ ಗೆಳೆಯನೊಬ್ಬನ ಎದುರು ಹೀಗೆಯೇ ನಿಲ್ಲುತ್ತಿದ್ದೆ. ಅವನಿಗೆ ವರ್ಗವಾಯಿತು, ನಾನು ಮತ್ತೆ ವೇದಿಕೆ ಹತ್ತಲಿಲ್ಲ. ನನ್ನ ಎದುರು ನಿಲ್ಲುವಷ್ಟು ಚುರುಕಿನವರು ಸಿಗಲಿಲ್ಲವೆಂದು ಹೇಳಿಕೊಳ್ಳುತ್ತಿದ್ದೆ. ಹುಡುಕಿದ್ದರೆ ಸಿಗುತ್ತಿದ್ದರೋ ಏನೋ ಎಂಬ ಕೊರಗು ಈಗಲೂ ಇದೆ. ಕಾಸ್ಟೆಲೊ 1959ರಲ್ಲಿ ತೀರಿಕೊಂಡ ಮೇಲೆ ಅಬಾಟ್ ಮತ್ತೊಬ್ಬನೊಂದಿಗೆ ಪ್ರಯತ್ನಿಸಿ ಕೈಬಿಟ್ಟ. ಇನ್ನೊಂದು ಕಡೆ, ಲಾರೆಲ್–ಹಾರ್ಡಿ ಜೋಡಿಯ ಪ್ರಸಂಗಗಳನ್ನು ಹೆಣೆಯುವುದರಲ್ಲಿ ಮುಂದಿದ್ದವನೇ ಲಾರೆಲ್. ಅಂಥವನೂ 1957ರಲ್ಲಿ ಹಾರ್ಡಿ ಹೋದ ಮೇಲೆ ಬಣ್ಣ ಹಚ್ಚಲಿಲ್ಲ. ಜೊತೆಗಾರನಿಲ್ಲದೆ ನಿಲ್ಲಲಾರೆನೆಂಬ ಭಯ ನಿನ್ನ ಗೆಳೆಯನಿಗೂ ಇದ್ದರೆ? ಒಮ್ಮೆ ಕೇಳಿ ನೋಡು.

ಉಪದೇಶ ಮಾಡುವಷ್ಟು ಅನುಭವ ನನಗಿಲ್ಲ. ಆದರೂ ಜನ ನಗುತ್ತಿರುವಾಗ ಮುಂದಿನ ಪ್ರಶ್ನೆಗೆ ಅವಸರ ಮಾಡಬೇಡ. ಅವರ ನಗು ಇಳಿಯುವವರೆಗೆ ಗೆಳೆಯನ ಮುಖವನ್ನೇ ನೋಡುತ್ತಿರು, ಸಭಿಕರ ಕಡೆ ತಿರುಗಬೇಡ. ಹಣದ ಪಾಲನ್ನು, ಕೈಗೆ ಹಣ ಬರುವ ಮೊದಲೇ, ಇಬ್ಬರೂ ಕೂತು ಬರೆದಿಟ್ಟುಕೊಳ್ಳಿ. ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೆ 60–40ರ ಕಥೆ ಓದಿದ ಮೇಲೆ ಹೇಳದೆ ಇರಲಾಗಲಿಲ್ಲ. ಮುಂದಿನ ಪ್ರದರ್ಶನದ ದಿನವನ್ನು ತಿಳಿಸು, ನಿನ್ನ ಅತ್ತೆಯೂ ಬರುತ್ತಾಳಂತೆ.

ಇಂತಿ ನಿನ್ನ ಮಾವ