ಕನ್ನಡ ಫೈಲ್ ಯುನಿಕೋಡ್‌ನಲ್ಲಿ ಕೊಡಿ, ನಮ್ಮ ಹಳೇ ಕಂಪ್ಯೂಟರ್ ಉಳ್ಕೊಳ್ಳುತ್ತೆ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಶ್ರೀನಗರದಲ್ಲಿ ನಂದೊಂದು ಚಿಕ್ಕ ಜೆರಾಕ್ಸ್ ಮತ್ತೆ ಟೈಪಿಂಗ್ ಅಂಗಡಿ ಇದೆ. ಬಾಡಿಗೆ ಕರಾರು, ಅರ್ಜಿ, ಮದುವೆ ಬಯೋಡೇಟಾ, ಸಂಘದ ಮಹಾಸಭೆ ನೋಟಿಸು, ಇವೇ ನಮ್ಮ ಕೆಲ್ಸ. ಇರೋದು ಎರಡು ಕಂಪ್ಯೂಟರ್, ಎರಡರಲ್ಲೂ ಇಂಟೆಲ್ ಕಂಪನಿಯ ಆರನೇ ಜನರೇಷನ್ ಐ3 ಪ್ರೊಸೆಸರ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಸಪೋರ್ಟ್, ಅಂದ್ರೆ ಭದ್ರತೆಯ ಅಪ್‌ಡೇಟ್ ಕೊಡೋದು, ನಿಲ್ಸಿದ್ರು, ಒಂದು ವರ್ಷ ಮುಂದೂಡೋ ದಾರಿ ಇದೆ ಅಂದ್ರೂ ಆಮೇಲೇನು ಮಾಡೋದು? ವಿಂಡೋಸ್ 11 ಹಾಕೋಣ ಅಂದ್ರೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್‌ನಿಂದ ಈಚೆಗಿನದೇ ಬೇಕು, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ನಮ್ಮ ಮಷಿನ್‌ಗೆ ಆಗಲ್ಲ ಅಂತ ಸ್ಕ್ರೀನ್ ಮೇಲೇ ಬಂತು. ಕಂಪ್ಯೂಟರ್ ಅಂಗಡಿಗಳಿರೋ ಎಸ್‌ಪಿ ರೋಡಲ್ಲಿ ವಿಚಾರಿಸಿದ್ರೆ ಹೊಸದೇ ತಗೊಳ್ಳಿ ಸಾರ್ ಅಂದ್ರು. ಕೆಟ್ಟು ಕೂತಿರೋ ಸಾಮಾನಾದ್ರೆ ಗುಜರಿಗೆ ಹಾಕಬಹುದು, ಇದು ಬೆಳಗ್ಗೆಯಿಂದ ರಾತ್ರಿವರೆಗೂ ಓಡ್ತಿರೋ ಮಷಿನ್ನು, ಇದನ್ನ ಹೇಗೆ ಬಿಸಾಕೋದು ಹೇಳಿ.

ನನ್ನ ತಂಗಿ ಮಗ ಒಂದು ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಮಿಂಟ್ ಹಾಕ್ಕೊಂಡು ಬಂದ, ವಿಂಡೋಸ್ ಬದಲಿಗೆ ಹಾಕೋ ಉಚಿತ ಆಪರೇಟಿಂಗ್ ಸಿಸ್ಟಂ ಅದು. ಒಂದು ವಿಷಯ ಎಲ್ರಿಗೂ ಗೊತ್ತಾಗ್ಲಿ ಅಂತ ಬರೀತಿದೀನಿ, ಇದನ್ನ ಇನ್‌ಸ್ಟಾಲ್ ಮಾಡೋಕೆ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಹಾರ್ಡ್‌ಡಿಸ್ಕ್ ಮುಟ್ಟೋದೇ ಇಲ್ಲ. ವೈಫೈ ಬಂತು, ಪ್ರಿಂಟರ್ ಸಿಡಿ ಇಲ್ದೇನೇ ಸಿಕ್ತು, ಪತ್ರ, ಲೆಕ್ಕ ಟೈಪ್ ಮಾಡೋ ಲಿಬ್ರೆಆಫೀಸ್ ಜೊತೆಗೇ ಬಂದಿತ್ತು. 4 ಜಿಬಿ ರ‍್ಯಾಮ್‌ನಲ್ಲೇ ಆರಾಮಾಗಿ ಓಡ್ತಿದೆ, ಒಂದು ರೂಪಾಯಿ ಲೈಸೆನ್ಸ್ ಖರ್ಚಿಲ್ಲ. ಆದ್ರೂ ಲೆಕ್ಕಪತ್ರದ ಟ್ಯಾಲಿಗೆ ಅಂತ, ಡಿಜಿಟಲ್ ಸಹಿ ಡಾಂಗಲ್ ಕೆಲ್ಸಕ್ಕೆ ಅಂತ ಇನ್ನೊಂದು ಕಂಪ್ಯೂಟರ್‌ನಲ್ಲಿ ವಿಂಡೋಸ್ ಹಾಗೇ ಇಟ್ಕೊಂಡಿದೀನಿ, ಅದನ್ನೂ ಹೇಳ್ಬೇಕು.

ನನಗೆ ನಿಜವಾಗ್ಲೂ ಭಯ ಇದ್ದಿದ್ದು ಕನ್ನಡದ ಬಗ್ಗೆ. ನಾನು ಕಲ್ತಿದ್ದೇ ನುಡಿ ಅನ್ನೋ ವಿಂಡೋಸ್‌ನ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಕೈಗೆ ಬರೋದು ಕೆ.ಪಿ. ರಾವ್ ಅವರ ಕೀಲಿಮಣೆ ಒಂದೇ. ಆದ್ರೆ ಅದೇ ಕಗಪ (ಕನ್ನಡ ಗಣಕ ಪರಿಷತ್ತು) ಲೇಔಟ್ ಲಿನಕ್ಸ್‌ನಲ್ಲೂ ಇದೆ! ಬೇರೆ ಬೇರೆ ಭಾಷೆ ಟೈಪ್ ಮಾಡೋಕೆ ಐಬಸ್ ಅಂತ ಒಂದು ತಂತ್ರಾಂಶ ಇರುತ್ತೆ, ಅದಕ್ಕೆ ಹಲವು ಭಾಷೆಗಳ ಕೀಲಿಮಣೆ ಇರೋ ಎಂ17ಎನ್ ಪ್ಯಾಕೇಜ್ ಹಾಕಿ ಕನ್ನಡ ಕಗಪ ಸೇರಿಸಿದ್ರೆ ಆಯ್ತು. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದೆ, ‘ಕನ್ನಡ’ ಅಂತ ಬಂತು. ಬೆರಳಿಗೆ ಅಭ್ಯಾಸ ಇರೋ ಜಾಗದಲ್ಲೇ ಅಕ್ಷರ, ಒತ್ತಕ್ಷರಕ್ಕೆ ಅದೇ ಎಫ್ ಕೀ. ಅವತ್ತು ಆದ ಸಮಾಧಾನ ಅಷ್ಟಿಷ್ಟಲ್ಲ.

ಹಾಗಾದ್ರೆ ತೊಂದ್ರೆ ಎಲ್ಲಿ ಅಂದ್ರೆ, ಬೇರೆಯವರು ತರೋ ಫೈಲ್‌ನಲ್ಲಿ. ಹೋದ ತಿಂಗಳು ವಯಸ್ಸಾದ ಅಮ್ಮ ಒಬ್ರು ಪೆನ್‌ಡ್ರೈವ್ ತಂದ್ರು, ಯಾವ್ದೋ ಕಚೇರಿಯಲ್ಲಿ ಕೊಟ್ಟಿದ್ದ ಅರ್ಜಿ ನಮೂನೆ ಅದರಲ್ಲಿತ್ತು, ಹೆಸರು ವಿಳಾಸ ತುಂಬ್ಸಿ ಪ್ರಿಂಟ್ ಕೊಡಪ್ಪ ಅಂದ್ರು. ತೆಗೆದ್ರೆ ಕನ್ನಡ ಅಂತ ಇರ್ಬೇಕಾದ ಕಡೆ ಇಂಗ್ಲಿಷ್ ಪಿ, ತಲೆ ಮೇಲೆ ಗೀರು ಇರೋ ಎ, ಆಮೇಲೆ ಪೌಂಡ್ ಗುರುತು, ಇಡೀ ಪುಟ ಹೀಗೇ. ಹಳೇ ನುಡಿಯ ಆಸ್ಕಿ ಫೈಲ್ ಅದು. ಅದರೊಳಗೆ ಕನ್ನಡ ಅಕ್ಷರವೇ ಇರಲ್ಲ, ಇಂಗ್ಲಿಷ್ ಅಕ್ಷರಗಳ ನಂಬರ್‌ಗಳಿಗೆ ಕನ್ನಡದ ಚಿತ್ರ ಹೊದಿಸಿರ್ತಾರೆ, ಆ ಫಾಂಟ್ ಇಲ್ದಿದ್ರೆ ಬಣ್ಣ ಬಯಲಾಗುತ್ತೆ. ಇದನ್ನ ಯುನಿಕೋಡ್‌ಗೆ, ಅಂದ್ರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ನಂಬರ್ ಇರೋ ಪದ್ಧತಿಗೆ, ಬದಲಾಯಿಸೋ ಕನ್ವರ್ಟರ್‌ಗೆ ಹಾಕಿದ್ರೆ ಕನ್ನಡವೇನೋ ಬರುತ್ತೆ, ಆದ್ರೆ ಮಧ್ಯ ಇದ್ದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಅಂತ ತಿಳ್ಕೊಂಡು ಕಲಸಿಬಿಡುತ್ತೆ. ಕೊನೆಗೆ ಎರಡೂವರೆ ಪುಟ ಕೂತು ಹೊಸದಾಗಿ ಟೈಪ್ ಮಾಡ್ದೆ, ಆಯಮ್ಮ ಒಂದು ಗಂಟೆ ಸ್ಟೂಲ್ ಮೇಲೆ ಕಾದ್ರು.

ನುಡಿನ ನಾನು ಬೈತಿಲ್ಲ, ಅದು ನನ್ನ ಅನ್ನ. ಈಚಿನ ನುಡಿಯಲ್ಲೇ ಯುನಿಕೋಡ್ ಇದೆ, ಆದ್ರೂ ಹಳೇ ಅಭ್ಯಾಸಕ್ಕೆ ಎಷ್ಟೋ ಜನ ಆಸ್ಕಿಯಲ್ಲೇ ಟೈಪ್ ಮಾಡ್ತಾ ಇದಾರೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ, ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದ ವರ್ಷವೂ ಅದೇ. ಅಷ್ಟು ವರ್ಷದಿಂದ ದಾರಿ ಇದ್ರೂ ಒಂದು ಅರ್ಜಿ ನಮೂನೆಗೋಸ್ಕರ ಬಡವರು, ಸಣ್ಣ ಅಂಗಡಿಯವರು ವಿಂಡೋಸ್‌ಗೇ ಕಟ್ಟುಬೀಳ್ಬೇಕಾ? ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲೀತಿದಾರೆ, ನಮ್ಮ ಮಕ್ಕಳಿಗೂ ಆಗುತ್ತೆ, ಆದ್ರೆ ಮೇಷ್ಟ್ರು ಕೊಡೋ ಪ್ರಶ್ನೆಪತ್ರಿಕೆ ಫೈಲ್ ಮೊದ್ಲು ತೆಗೆಯೋ ಹಾಗಿರ್ಬೇಕಲ್ವಾ.

ಕಚೇರಿಗಳಲ್ಲಿ, ಶಾಲೆಗಳಲ್ಲಿ, ಸಂಘಗಳಲ್ಲಿ ಕನ್ನಡ ಟೈಪ್ ಮಾಡೋ ಎಲ್ರಿಗೂ ನಿಮ್ಮ ಪತ್ರಿಕೆ ಮೂಲಕ ಕೈಮುಗಿದು ಕೇಳ್ಕೊಳ್ತೀನಿ, ಇವತ್ತಿಂದ ಫೈಲ್ ಮಾಡುವಾಗ ಯುನಿಕೋಡ್ ಆರಿಸಿ. ಹಳೇದನ್ನೆಲ್ಲ ಒಂದೇ ಸಲ ಬದಲಾಯಿಸಿ ಅಂತಿಲ್ಲ, ಜನ ತುಂಬಿ ಕೊಡೋ ನಮೂನೆಗಳಿಂದ ಶುರು ಮಾಡಿ ಸಾಕು. ಆ ಅಮ್ಮನ ಅರ್ಜಿ ನನ್ನ ಹತ್ರ ಯುನಿಕೋಡ್‌ನಲ್ಲಿ ಇದೆ, ಆ ಕಚೇರಿಯವರು ಕೇಳಿದ್ರೆ ಹಾಗೇ ಕೊಟ್ಟುಬಿಡ್ತೀನಿ.

ಇಂತಿ,
ಟೈಪಿಂಗ್ ಅಂಗಡಿಯವನು, ಶ್ರೀನಗರ, ಬೆಂಗಳೂರು