ಡಾಲ್ಫಿನ್ ಬೆನ್ನಟ್ಟಬೇಡಿ, ಲಂಗರು ಹಾಕಿ ಕಾಯಿರಿ

ಮಾನ್ಯ ಸಂಪಾದಕರೇ,

ಚಳಿಗಾಲದ ರಜೆ ಬಂತೆಂದರೆ ಗೋಕರ್ಣ, ತದಡಿ, ಕಾರವಾರದಲ್ಲಿ ಡಾಲ್ಫಿನ್ ತೋರಿಸುವ ದೋಣಿಗಳ ಓಡಾಟ ಜೋರು. ಬೆನ್ನೊಂದು ಕಂಡದ್ದೇ ತಡ, ಮೂರ್ನಾಲ್ಕು ದೋಣಿಗಳು ಒಟ್ಟಿಗೆ ಅತ್ತ ನುಗ್ಗುತ್ತವೆ. ದಡದ ಬಳಿ ಹೆಚ್ಚಾಗಿ ಕಾಣುವುದು ಗೂನುಬೆನ್ನಿನ ಡಾಲ್ಫಿನ್, ಅಳಿವಿನಂಚಿನಲ್ಲಿರುವ ಜೀವಿ. ಕದಡಿದ ನೀರಿನಲ್ಲಿ ಅದು ಮೀನು ಹುಡುಕುವುದು ಸದ್ದಿನ ಮಾರ್ದನಿಯಿಂದ. ಎಂಜಿನ್ ಮೊರೆತ ಅದನ್ನೇ ಮುಚ್ಚಿಹಾಕುತ್ತದೆ. ಗಲಿಬಿಲಿಯಲ್ಲಿ ಮರಿ ತಾಯಿಯಿಂದ ಬೇರಾಗಲೂಬಹುದು. ಅಷ್ಟಕ್ಕೂ ಅಟ್ಟಿಸಿಕೊಂಡು ಹೋಗುವ ಅಗತ್ಯವೇನಿದೆ? ನದಿ ಕಡಲು ಸೇರುವ ಅಳಿವೆಗೆ ಮೀನು ಬಂದರೆ ಅದರ ಹಿಂದೆ ಡಾಲ್ಫಿನ್ನೂ ಬರುತ್ತದೆ. ಅಲ್ಲೇ ಲಂಗರು ಹಾಕಿ ಕಾದರಾಯಿತು.

2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯನ್ನೇ ತೆಗೆದುಕೊಳ್ಳಿ. ಅಳಿವೆಬಾಗಿಲಿನ ಮರಳುದಿಬ್ಬದ ಮೇಲೆ ಲಂಗರು ಹಾಕಲೇಬಾರದು. ಇಳಿತದ ಸೆಳೆತಕ್ಕೆ ಕಡಲ ಅಲೆ ಎದುರಾಗಿ ಒಡೆಯುವುದು ಅಲ್ಲೇ. ಒಳಗೆ, ಮೀನುಗಾರಿಕೆ ದೋಣಿಗಳ ದಾರಿ ಬಿಟ್ಟು, ಮರಳುತಳದ 3 ಮೀಟರ್ ಆಳ ಸಾಕು. ಬೆಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಜಾಗ, ಬಲೆ ಹಾಕಿದ ಜಾಗ ಬೇಡ. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರಕ್ಕೆಂದು ಇನ್ನೆರಡು ಮೀಟರ್, ದೋಣಿಯ ಮುಂತುದಿಯ ಎತ್ತರಕ್ಕೆ ಒಂದು ಸೇರಿಸಿದರೆ 6. ಅದರ ಐದು ಪಟ್ಟು, ಅಂದರೆ 30 ಮೀಟರ್ ಹಗ್ಗ ಬಿಡಬೇಕು. ಲಂಗರಿನ ಬುಡಕ್ಕೆ 2–3 ಮೀಟರ್ ಸರಪಳಿ ಇದ್ದರೆ ಎಳೆತ ತಳಕ್ಕೆ ಸಮಾಂತರವಾಗಿ ಬಿದ್ದು ಕೊಕ್ಕೆ ಕಚ್ಚಿಕೊಳ್ಳುತ್ತದೆ. ಹಗ್ಗ ಗಿಡ್ಡವಾದರೆ ಲಂಗರು ಕಿತ್ತು ಬರುತ್ತದೆ. ಹಗ್ಗವನ್ನು ಹಿಂಬದಿಗೆ ಕಟ್ಟುವುದಂತೂ ಪ್ರಾಣಾಪಾಯ: ಎಂಜಿನ್ ಭಾರಕ್ಕೆ ಮೊದಲೇ ತಗ್ಗಿರುವ ಹಿಂಬದಿಯನ್ನು ಸೆಳೆತ ಇನ್ನಷ್ಟು ಅದುಮಿ, ನೀರು ಒಳನುಗ್ಗುತ್ತದೆ.

ಲಂಗರು ಕಚ್ಚಿದೆಯೇ ಎಂದು ತಿಳಿಯಲು ದಡದ ತೆಂಗಿನಮರವೊಂದನ್ನು ಅದರ ಹಿಂದಿನ ಕಂಬಕ್ಕೋ ಮನೆಗೋ ಸಾಲು ಹಿಡಿದು ನೋಡಿ. ಸಾಲು ತಪ್ಪುತ್ತಲೇ ಹೋದರೆ ದೋಣಿ ಜಾರುತ್ತಿದೆ. ಉಬ್ಬರ ತಿರುಗಿ ಇಳಿತವಾದಾಗ ದೋಣಿ ಲಂಗರಿನ ಸುತ್ತ ಅರ್ಧ ಸುತ್ತು ಹೊಡೆಯುತ್ತದೆ, ಅಷ್ಟು ಜಾಗ ಖಾಲಿ ಇರಬೇಕು. ಲಂಗರು ನಿಂತ ಮೇಲಷ್ಟೇ ಎಂಜಿನ್ ಆರಿಸಿ.

ಬೆಳಗಿನ ಹೊತ್ತೇ ಒಳ್ಳೆಯದು. ಸೂರ್ಯ ಬೆನ್ನಿಗಿರುತ್ತಾನೆ, ಕಡಲಗಾಳಿ ಇನ್ನೂ ಎದ್ದಿರುವುದಿಲ್ಲ. 10 ಪಟ್ಟಿನ ದುರ್ಬೀನು ದೋಣಿಯ ಅಲುಗಾಟವನ್ನೂ ಹಿಗ್ಗಿಸುತ್ತದೆ. 7 ಅಥವಾ 8 ಪಟ್ಟಿನದು ಸಾಕು. ಸದ್ದಿಲ್ಲದೆ ಕೂತರೆ ಡಾಲ್ಫಿನ್ ಕಾಣುವ ಮುನ್ನವೇ ಕೇಳಿಸುತ್ತದೆ. ಉದ್ದ ಮೂತಿ ಓರೆಯಾಗಿ ಮೇಲೇಳುತ್ತದೆ, ಫುಸ್ ಎಂದು ಉಸಿರು, ಆಮೇಲೆ ಗೂನು, ಗೂನಿನ ಮೇಲೆ ಕೂತ ಪುಟ್ಟ ಈಜುರೆಕ್ಕೆ. ಬಾಲವೂ ಮೇಲೆದ್ದರೆ ಆಳಕ್ಕೆ ಇಳಿಯಿತೆಂದು ಲೆಕ್ಕ. ಮುಂದೆ ಏಳುವುದು ಬೇರೆಲ್ಲೋ. ಅದು ಬರುವವರೆಗೂ ನೋಡಲು ಬೇಕಾದಷ್ಟಿದೆ: ಇಳಿತಕ್ಕೆ ತೆರೆದುಕೊಂಡ ಕೆಸರಿನಲ್ಲಿ ಏಡಿ ಹೆಕ್ಕುವ ಬಾಗುಕೊಕ್ಕಿನ ವಲಸೆ ಹಕ್ಕಿಗಳು, ಮೇಲೆ ಸುತ್ತುವ ಬಿಳಿಹೊಟ್ಟೆಯ ಕಡಲ ಹದ್ದು.

ದೋಣಿಗಳಿಗೆ ಪರವಾನಗಿ ಕೊಡುವವರು ಇಂಥ ಲಂಗರುದಾಣಗಳನ್ನು ಸ್ಥಳೀಯ ಮೀನುಗಾರರನ್ನೇ ಕೇಳಿ ಗುರುತಿಸಲಿ. ‘ಡಾಲ್ಫಿನ್ ತೋರಿಸುವುದು ಖಾತ್ರಿ’ ಎಂದು ಟಿಕೆಟ್ ಮಾರುವುದು ಮೊದಲು ನಿಲ್ಲಲಿ. ಆ ಖಾತ್ರಿ ಉಳಿಸಿಕೊಳ್ಳಲೆಂದೇ ದೋಣಿಯವರು ಬೆನ್ನಟ್ಟುತ್ತಿದ್ದಾರೆ.

— ಅಘನಾಶಿನಿ ತೀರದ ಕೆಲವು ಓದುಗರು, ಕುಮಟಾ